ಹಿಮದ ಬೆಳಕಿಗೆ ಕಡಿಮೆ ಖರ್ಚಿನ ಕನ್ನಡಕ: ಪವರ್ ಇರುವವರೊಬ್ಬರ ಹುಡುಕಾಟ

ಹಿಮಚಾರಣದ ತರಬೇತಿಗೆ ಹೆಸರು ನೋಂದಾಯಿಸಿದ ಮೇಲೆ ಆಯೋಜಕರು ಕಳುಹಿಸಿದ ಸಾಮಾನುಗಳ ಪಟ್ಟಿಯಲ್ಲಿ ಬೂಟು, ಕೋಲು, ದಪ್ಪ ಜಾಕೆಟ್ಟು ಮೊದಲಾದವುಗಳ ಮುಂದೆ ಬಾಡಿಗೆಗೆ ಸಿಗುತ್ತದೆ ಎಂಬ ಟಿಪ್ಪಣಿ ಇತ್ತು. ಕಣ್ಣಿನ ರಕ್ಷಣೆಯ ಮುಂದೆ ಮಾತ್ರ ಷರತ್ತುಗಳಿದ್ದವು: ಸ್ವಂತದ್ದನ್ನೇ ತರಬೇಕು, ಲೆನ್ಸ್ ಮೂರನೆಯ ಅಥವಾ ನಾಲ್ಕನೆಯ ವರ್ಗದ್ದಾಗಿರಬೇಕು (ಎಷ್ಟು ಬೆಳಕನ್ನು ಒಳಕ್ಕೆ ಬಿಡುತ್ತದೆ ಎಂಬುದನ್ನು ಹೇಳುವ ಅಂಕಿ ಇದು), ಪಕ್ಕಗಳು ಮುಚ್ಚಿರಬೇಕು, ಚೀಲದಲ್ಲಿ ಬದಲಿಯಾಗಿ ಇನ್ನೊಂದು ಜೋಡಿ ಇರಬೇಕು. ಇದರೊಂದಿಗೆ ಇತ್ತೀಚಿನ ದೃಷ್ಟಿ ಪರೀಕ್ಷೆಯ ಚೀಟಿಯ ಪ್ರತಿಯನ್ನೂ ಅರ್ಜಿಗೆ ಲಗತ್ತಿಸಬೇಕಾಗಿತ್ತು. ನನಗೆ ದೂರದ ವಸ್ತುಗಳು ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವುದಿಲ್ಲ. ಹೀಗಾಗಿ ಅಂಗಡಿಗೆ ಹೋಗಿ ಕಂಡ ತಂಪು ಕನ್ನಡಕವೊಂದನ್ನು ಕೊಂಡು ತರುವ ಸರಳ ದಾರಿ ನನಗೆ ಮುಚ್ಚಿಹೋಗಿತ್ತು. ಶುಲ್ಕ ಮತ್ತು ಬಟ್ಟೆಗಳಿಗೆ ಹೋದ ಮೇಲೆ ಉಳಿದಿದ್ದ ಹಣವೂ ಹೆಚ್ಚಿರಲಿಲ್ಲ. ಪವರ್ ಇರುವ, ಖರ್ಚಿಗೆ ಮಿತಿ ಇರುವ ಇತರರಿಗೆ ನೆರವಾಗಲೆಂದು ನಾನು ಹಾದುಬಂದ ದಾರಿಯನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ಹೋದದ್ದು ಕಣ್ಣಿನ ವೈದ್ಯರಲ್ಲಿಗೆ. ಹಳೆಯ ಚೀಟಿ ಇದ್ದರೂ ಪವರ್ ಬದಲಾಗಿದ್ದರೆ ಹೊಸ ಲೆನ್ಸಿಗೆ ಹಾಕಿದ ಹಣವೆಲ್ಲ ವ್ಯರ್ಥವಾಗುತ್ತದೆ ಎಂಬ ಅಂಜಿಕೆಯಿಂದ ಪೂರ್ಣ ಪರೀಕ್ಷೆಯನ್ನೇ ಮಾಡಿಸಿಕೊಂಡೆ. ಸರದಿ ಬರುವವರೆಗೆ ಒಂದು ಕಾಯುವಿಕೆ. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಅದು ಹಿಗ್ಗುವವರೆಗೆ ಇನ್ನೊಂದು ಕಾಯುವಿಕೆ. ಆ ಹನಿಯ ಪ್ರಭಾವ ಹಲವು ಗಂಟೆ ಇರುತ್ತದೆ, ಬೆಳಕು ಚುಚ್ಚುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ. ಆದ್ದರಿಂದ ಅದೇ ದಿನ ಕನ್ನಡಕ ಆರಿಸಲು ಹೋಗುವ ಯೋಚನೆ ಬೇಡ, ವಾಹನ ನಡೆಸುವುದೂ ಬೇಡ. ಚೀಟಿ ಬರೆಸಿಕೊಳ್ಳುವಾಗ ಎರಡು ಪಾಪೆಗಳ ನಡುವಿನ ಅಂತರವನ್ನೂ ಮಿಲಿಮೀಟರಿನಲ್ಲಿ ಬರೆದುಕೊಡುವಂತೆ ಕೇಳಿ ಪಡೆಯಿರಿ. ಇದನ್ನು ಕೇಳದಿದ್ದರೆ ಸಾಮಾನ್ಯವಾಗಿ ಬರೆಯುವುದಿಲ್ಲ, ಆದರೆ ಪವರ್ ಲೆನ್ಸನ್ನು ದೂರದಿಂದ ಮಾಡಿ ಕಳುಹಿಸುವವರು ಸಾಮಾನ್ಯವಾಗಿ ಅದನ್ನು ಕೇಳುತ್ತಾರೆ.

ಹಿಮದಲ್ಲಿ ಕಣ್ಣಿಗೆ ಅಷ್ಟೊಂದು ಜಾಗ್ರತೆ ಏಕೆ ಎಂದು ವೈದ್ಯರನ್ನು ಕೇಳಿದೆ. ಚಳಿಗಾಲದ ಬಿಸಿಲು ಮೈಗೆ ಹಿತವಾಗಿರುವುದರಿಂದ ಅದರಲ್ಲಿ ನೇರಳಾತೀತ ಕಿರಣಗಳು ಇಲ್ಲವೆಂದು ನಮಗೆ ತೋರುತ್ತದೆ. ಆದರೆ ಹುಲ್ಲು, ಮಣ್ಣು, ನೀರು ತಮ್ಮ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಭಾಗವನ್ನು ಹಿಂದಕ್ಕೆ ಎಸೆಯುತ್ತವೆ, ಒಣ ಮರಳು ಸುಮಾರು ಶೇಕಡಾ 15ರಷ್ಟನ್ನು ಎಸೆಯುತ್ತದೆ, ಹೊಸದಾಗಿ ಬಿದ್ದ ಹಿಮವಾದರೋ ಶೇಕಡಾ 80ರವರೆಗೂ ಎಸೆಯಬಲ್ಲದು. ಇದರ ಮೇಲೆ, ಪ್ರತಿ 1000 ಮೀಟರ್ ಎತ್ತರಕ್ಕೆ ಈ ಕಿರಣಗಳ ಪ್ರಮಾಣ ಸುಮಾರು ಶೇಕಡಾ 10ರಷ್ಟು ಏರುತ್ತದೆ. ಮೇಲಿನಿಂದ ಬರುವ ಬೆಳಕಿಗೆ ಹುಬ್ಬು ಮತ್ತು ಟೋಪಿಯ ಅಂಚು ಅಡ್ಡ ನಿಲ್ಲುತ್ತವೆ; ನೆಲದಿಂದ ಏಳುವ ಬೆಳಕಿಗೆ ಮುಖದಲ್ಲಿ ಯಾವ ಅಡ್ಡಿಯೂ ಇಲ್ಲ. ಅದು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಹೊರಪದರವನ್ನು ಸುಡುತ್ತದೆ. ಆ ಸ್ಥಿತಿಯನ್ನು ವೈದ್ಯರು ಫೋಟೊಕೆರಟೈಟಿಸ್ ಎನ್ನುತ್ತಾರೆ, ಚಾರಣಿಗರು ಹಿಮಗುರುಡು ಎನ್ನುತ್ತಾರೆ. ಸುಟ್ಟ ಹೊತ್ತಿನಲ್ಲಿ ಏನೂ ತಿಳಿಯದೆ, ಆರರಿಂದ ಹನ್ನೆರಡು ಗಂಟೆಗಳ ಬಳಿಕ ನೋವು ಆರಂಭವಾಗುವುದೇ ಇದರ ಅಪಾಯ ಎಂದರು.

ಹಿಗ್ಗಿದ ಪಾಪೆಯೊಂದಿಗೆ ಕುಳಿತಿದ್ದಾಗ ಅವರು ಹೇಳಿದ ಇನ್ನೊಂದು ವಿಷಯ ನನ್ನ ಹುಡುಕಾಟದ ದಿಕ್ಕನ್ನೇ ನಿರ್ಧರಿಸಿತು. ಲೆನ್ಸಿನ ಕಪ್ಪು ಬಣ್ಣ ಕಣ್ಣಿಗೆ ಕಾಣುವ ಬೆಳಕನ್ನು ಮಾತ್ರ ಕಡಿಮೆ ಮಾಡುತ್ತದೆ. ನೇರಳಾತೀತ ಕಿರಣಗಳನ್ನು ತಡೆಯುವುದು ಲೆನ್ಸಿನ ವಸ್ತು ಅಥವಾ ಅದರ ಲೇಪ. ಬಣ್ಣ ಗಾಢವಾಗಿದ್ದು ತಡೆ ಇಲ್ಲದಿದ್ದರೆ ನೆರಳಿನ ಹಿಂದೆ ಪಾಪೆ ಹಿಗ್ಗಿ, ಕಿರಣಗಳಿಗೆ ಬಾಗಿಲು ಇನ್ನಷ್ಟು ಅಗಲವಾಗಿ ತೆರೆದಂತಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಬಣ್ಣವೇ ಇಲ್ಲದ ಪಾಲಿಕಾರ್ಬೊನೇಟ್ ಲೆನ್ಸ್ ಕೂಡ ತನ್ನ ಸ್ವಭಾವದಿಂದಲೇ ಬಹುಪಾಲು ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುತ್ತದೆ. ಅಂದರೆ ನಾನು ಅಳೆಯಬೇಕಾದದ್ದು ಎರಡು ಬೇರೆ ಬೇರೆ ಗುಣಗಳನ್ನು, ಮತ್ತು ಇವೆರಡರಲ್ಲಿ ಯಾವುದಕ್ಕೂ ಬೆಲೆ ಹೆಚ್ಚಿರಲೇಬೇಕೆಂಬ ನಿಯಮವಿಲ್ಲ.

ಕಾಂಟಾಕ್ಟ್ ಲೆನ್ಸ್ ಧರಿಸಿ ಮೇಲೆ ಸಾಮಾನ್ಯ ಗಾಗಲ್, ಅಂದರೆ ಪಟ್ಟಿಯಿಂದ ತಲೆಗೆ ಬಿಗಿಯುವ, ಸುತ್ತಲೂ ಮುಚ್ಚಿದ ಕನ್ನಡಕ, ಹಾಕಿಕೊಳ್ಳಬಹುದೇ ಎಂದೂ ವಿಚಾರಿಸಿದೆ. ರೂಢಿ ಇರುವವರಿಗೆ ಅದು ಒಳ್ಳೆಯ ದಾರಿಯೇ. ಆದರೆ ನೇರಳಾತೀತ ತಡೆ ಇರುವ ಕಾಂಟಾಕ್ಟ್ ಲೆನ್ಸ್ ಕೂಡ ಕಣ್ಣಿನ ಇಡೀ ಮೇಲ್ಮೈಯನ್ನಾಗಲಿ ರೆಪ್ಪೆಯನ್ನಾಗಲಿ ಮುಚ್ಚುವುದಿಲ್ಲ, ಹೀಗಾಗಿ ಗಾಗಲ್ ಬೇಕೇ ಬೇಕು. ಒಣ ಗಾಳಿ, ಕೈ ತೊಳೆಯಲು ನೀರಿಲ್ಲದ ಬಿಡಾರ, ರಾತ್ರಿ ಹೆಪ್ಪುಗಟ್ಟುವ ಲೆನ್ಸ್ ದ್ರಾವಣ ಇವನ್ನೆಲ್ಲ ಯೋಚಿಸಿದಾಗ, ಹಿಂದೆಂದೂ ಧರಿಸದವರು ಹಿಮದಲ್ಲೇ ಅದನ್ನು ಕಲಿಯುವುದು ಬೇಡ ಎಂದು ಅವರು ಸಲಹೆ ಕೊಟ್ಟರು. ನಾನು ಆ ಯೋಚನೆಯನ್ನು ಅಲ್ಲಿಗೇ ಕೈಬಿಟ್ಟೆ.

ಮುಂದಿನದು ಅಂಗಡಿಗಳ ಸುತ್ತಾಟ. ಇಲ್ಲಿ ನನಗೆ ಎದುರಾದ ಮೊದಲ ತೊಡಕು ಮಾರಾಟದವರ ಮಾತು ಮತ್ತು ಪೆಟ್ಟಿಗೆಯ ಮೇಲಿನ ಬರಹದ ನಡುವಿನ ಅಂತರ. 'ಇದು ಪೂರ್ತಿ ರಕ್ಷಣೆ ಕೊಡುತ್ತದೆ' ಎಂದು ಎಲ್ಲರೂ ಹೇಳುತ್ತಾರೆ. ವರ್ಗ ಎಷ್ಟು ಎಂದು ಕೇಳಿದರೆ ಕೆಲವರು ಲೆನ್ಸನ್ನು ಬೆಳಕಿಗೆ ಹಿಡಿದು ತೋರಿಸುತ್ತಾರೆ. ಓದುಗರು ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ತಂಪು ಕನ್ನಡಕಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 12312-1. ಅದರ ಪ್ರಕಾರ ಸೊನ್ನೆಯಿಂದ ನಾಲ್ಕರವರೆಗೆ ಐದು ವರ್ಗಗಳಿವೆ. ಎರಡನೆಯ ವರ್ಗ ಕಾಣುವ ಬೆಳಕಿನಲ್ಲಿ ಶೇಕಡಾ 18ರಿಂದ 43ರಷ್ಟನ್ನು ಒಳಕ್ಕೆ ಬಿಡುತ್ತದೆ, ಮೂರನೆಯದು 8ರಿಂದ 18ರಷ್ಟನ್ನು, ನಾಲ್ಕನೆಯದು 3ರಿಂದ 8ರಷ್ಟನ್ನು ಮಾತ್ರ. ನಾಲ್ಕನೆಯ ವರ್ಗ ಎತ್ತರದ ಹಿಮನದಿಗಳಂಥ ಜಾಗಕ್ಕೆ. ಅದನ್ನು ಧರಿಸಿ ವಾಹನ ಓಡಿಸಬಾರದು ಎಂಬ ಎಚ್ಚರಿಕೆ ಅದರ ಜೊತೆಗೇ ಬರುತ್ತದೆ. ಬಿಸಿಲಿರುವ ಸಾಮಾನ್ಯ ಹಿಮಪ್ರದೇಶಕ್ಕೆ ಮೂರನೆಯ ವರ್ಗ ಸಾಕು. ಹಿಮದ ಮೇಲೆ ಜಾರುವ ಆಟಗಳ ಗಾಗಲ್‌ಗಳಿಗೆ ಐಎಸ್‌ಒ 18527-1 ಎಂಬ ಬೇರೆ ಮಾನದಂಡವಿದೆ. ಹಳೆಯ ದಾಸ್ತಾನಿನಲ್ಲಿ ಯುರೋಪಿನ ಹಿಂದಿನ ಮಾನದಂಡವಾದ ಇಎನ್ 174 ಎಂದೂ, ವರ್ಗದ ಅಂಕಿಯ ಹಿಂದೆ ಎಸ್ ಅಕ್ಷರವೂ ಕಾಣಿಸಬಹುದು.

ಈ ವರ್ಗದ ಅಂಕಿ ಬೆಳಕಿನ ಬಗ್ಗೆ ಹೇಳುತ್ತದೆಯಷ್ಟೆ. ನೇರಳಾತೀತ ತಡೆಗೆ ನೋಡಬೇಕಾದದ್ದು 'ಯುವಿ 400' ಎಂಬ ಗುರುತು, ಅಂದರೆ 400 ನ್ಯಾನೋಮೀಟರ್ ತರಂಗದೂರದವರೆಗಿನ ಕಿರಣಗಳನ್ನು ತಡೆಯುತ್ತದೆ ಎಂಬ ಹೇಳಿಕೆ. ಐಎಸ್‌ಒ ಮಾನದಂಡವು 380 ನ್ಯಾನೋಮೀಟರಿನವರೆಗೆ ಮಾತ್ರ ಲೆಕ್ಕ ಹಿಡಿಯುವುದರಿಂದ ಈ ಗುರುತು ಒಂದು ಹೆಜ್ಜೆ ಮುಂದಿನದು. ಸುಲಭವಾಗಿ ಕಿತ್ತುಬರುವ ಅಂಟುಚೀಟಿಯ ಮೇಲೆ ನಾನು ಭರವಸೆ ಇಡಲಿಲ್ಲ. ಫ್ರೇಮಿನ ಕಡ್ಡಿಯ ಒಳಬದಿಯಲ್ಲಿ ಅಚ್ಚಾದ ಗುರುತು, ಪೆಟ್ಟಿಗೆಯೊಳಗೆ ಮಡಿಸಿಟ್ಟ ಮಾಹಿತಿ ಹಾಳೆಯಲ್ಲಿ ತಯಾರಕರ ಹೆಸರು, ಮಾನದಂಡದ ಸಂಖ್ಯೆ, ವರ್ಗ ಇವೆಲ್ಲ ಇದ್ದ ಮಾಲನ್ನು ಮಾತ್ರ ಮುಂದಿನ ಸುತ್ತಿಗೆ ಉಳಿಸಿಕೊಂಡೆ. ಆ ಹಾಳೆಯ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ನಮ್ಮ ಆಯೋಜಕರು ಕೊನೆಯಲ್ಲಿ ಕೇಳಿದ ದಾಖಲೆ ಅದೇ ಆಗಿತ್ತು.

ಅಕ್ಷರಗಳ ಮೇಲೆ ಪೂರ್ತಿ ನಂಬಿಕೆ ಬಾರದವರಿಗೆ ಒಂದು ಒಳ್ಳೆಯ ಉಪಾಯವಿದೆ, ಇದನ್ನು ನನಗೆ ತಿಳಿಸಿದವರು ವೈದ್ಯರ ಸಹಾಯಕಿ. ಅನೇಕ ಕನ್ನಡಕದಂಗಡಿಗಳಲ್ಲಿ ನೇರಳಾತೀತ ಕಿರಣ ಎಷ್ಟು ದಾಟುತ್ತದೆ ಎಂದು ತೋರಿಸುವ ಸಣ್ಣ ಯಂತ್ರವಿರುತ್ತದೆ. ಲೆನ್ಸನ್ನು ಅದರ ಬಾಯಿಗೆ ಇಟ್ಟರೆ ಕೆಲವೇ ಕ್ಷಣಗಳಲ್ಲಿ ಉತ್ತರ ಬರುತ್ತದೆ. ನನ್ನ ಬಳಿ ಇದ್ದ ಹಳೆಯ ತಂಪು ಕನ್ನಡಕ, ಸ್ನೇಹಿತರೊಬ್ಬರ ದುಬಾರಿ ಜೋಡಿ, ಕೆಲಸಗಾರರು ಬಳಸುವ ಅಗ್ಗದ ಸುರಕ್ಷತಾ ಕನ್ನಡಕ ಮೂರನ್ನೂ ಒಯ್ದು ಪರೀಕ್ಷಿಸಿದೆ. ಮೂರೂ ಉತ್ತೀರ್ಣವಾದವು. ಅಗ್ಗದ್ದಕ್ಕೂ ದುಬಾರಿಯದಕ್ಕೂ ಯಂತ್ರದಲ್ಲಿ ಯಾವ ಭೇದವೂ ಕಾಣಿಸದೆ ಇದ್ದಾಗ ನನಗಾದ ನಿರಾಳ ದೊಡ್ಡದು. ಹಣವನ್ನು ಇನ್ನು ಅಳತೆಗೆ, ಮುಚ್ಚುವಿಕೆಗೆ, ಆವಿ ಹಿಡಿಯದಿರುವ ಗುಣಕ್ಕೆ ಖರ್ಚು ಮಾಡಬಹುದು ಎಂಬುದು ಅಂದು ಖಚಿತವಾಯಿತು. ಮನೆಯಲ್ಲೇ ನೇರಳಾತೀತ ಟಾರ್ಚಿನಿಂದ ಪರೀಕ್ಷಿಸುವವರಿಗೆ ಒಂದು ಎಚ್ಚರಿಕೆ: ಅಗ್ಗದ ಟಾರ್ಚುಗಳಲ್ಲಿ ಅನೇಕವು 395 ನ್ಯಾನೋಮೀಟರಿನ ಆಸುಪಾಸಿನಲ್ಲಿ ಬೆಳಗುತ್ತವೆ. ಅದು ತಡೆಯ ಗಡಿಗೆ ತೀರ ಹತ್ತಿರವಾದ್ದರಿಂದ ಒಳ್ಳೆಯ ಲೆನ್ಸ್ ಕೂಡ ಸೋತಂತೆ ಕಾಣಬಹುದು. ಟಾರ್ಚನ್ನು ಕಣ್ಣಿಗೆ ಹಿಡಿಯಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪವರ್ ಇರುವವರ ಮುಂದೆ ಇರುವ ದಾರಿಗಳನ್ನು ಆಮೇಲೆ ಒಂದೊಂದಾಗಿ ತೂಗಿದೆ. ಪಕ್ಕಗಳು ಮುಚ್ಚಿದ ಪರ್ವತಾರೋಹಣದ ಕನ್ನಡಕಕ್ಕೇ ಪವರ್ ಲೆನ್ಸ್ ಕೂರಿಸುವುದು ಎಲ್ಲಕ್ಕಿಂತ ಅಂದ, ಎಲ್ಲಕ್ಕಿಂತ ದುಬಾರಿ. ಮುಖಕ್ಕೆ ಬಾಗಿ ಸುತ್ತಿಕೊಳ್ಳುವ ಫ್ರೇಮಿಗೆ ಹೆಚ್ಚು ಪವರಿನ ಲೆನ್ಸ್ ಸರಿಯಾಗಿ ಒಗ್ಗುವುದಿಲ್ಲ, ಅಂಚುಗಳಲ್ಲಿ ದೃಶ್ಯ ವಕ್ರವಾಗುತ್ತದೆ. ಪ್ರಯೋಗಾಲಯದಿಂದ ಲೆನ್ಸ್ ಬರಲು ಹೊರಡುವ ದಿನ ದಾಟಿಹೋಗುತ್ತಿತ್ತು. ಗಾಗಲ್ ಒಳಗೆ ಸಿಕ್ಕಿಸುವ ಪವರ್ ಚೌಕಟ್ಟು ಖರ್ಚಿನಲ್ಲಿ ಹಗುರ, ಆದರೆ ಅದು ರೆಪ್ಪೆಗೂದಲಿಗೆ ತಾಗುವಷ್ಟು ಹತ್ತಿರ ಕೂರುತ್ತದೆ, ಬೇಗ ಆವಿ ಹಿಡಿಯುತ್ತದೆ. ಬಿಸಿಲಿಗೆ ತಾನಾಗಿ ಕಪ್ಪಾಗುವ ಫೋಟೊಕ್ರೋಮಿಕ್ ಲೆನ್ಸ್ ನಿತ್ಯದ ಬಳಕೆಗೂ ಒದಗುತ್ತದೆ ಎಂಬ ಆಸೆ ಹುಟ್ಟಿತ್ತು. ಚಳಿಯಲ್ಲಿ ಅದು ಇನ್ನೂ ಗಾಢವಾಗುತ್ತದೆ, ಮತ್ತೆ ತಿಳಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ ಸಾಮಾನ್ಯ ಫ್ರೇಮಿನಲ್ಲಿ ಕೂರಿಸಿದಾಗ ಪಕ್ಕಗಳು ತೆರೆದೇ ಉಳಿಯುವುದರಿಂದ ಆಯೋಜಕರ ಷರತ್ತು ಪೂರೈಸುತ್ತಿರಲಿಲ್ಲ. ಕನ್ನಡಕಕ್ಕೆ ಮುಂದಿನಿಂದ ಸಿಕ್ಕಿಸುವ ಕಪ್ಪು ಮುಚ್ಚಳದ ಕಥೆಯೂ ಅಷ್ಟೆ.

ಉಳಿದವು ಕನ್ನಡಕದ ಮೇಲೆಯೇ ಧರಿಸುವ ಎರಡು ಬಗೆಗಳು. ಒಂದು, ಕನ್ನಡಕಧಾರಿಗಳಿಗೆಂದೇ ಆಳವಾಗಿ ಮಾಡಿ, ಕಡ್ಡಿಗಳು ಹಾದುಹೋಗಲು ಫೋಮಿನಲ್ಲಿ ಕಚ್ಚು ಬಿಟ್ಟ ಹಿಮದ ಗಾಗಲ್. ಇನ್ನೊಂದು, ಕಾರ್ಖಾನೆ ಮತ್ತು ಕಟ್ಟಡ ಕೆಲಸಗಾರರಿಗಾಗಿ ಮಾಡಿದ, ಕನ್ನಡಕದ ಮೇಲೆ ಕೂರುವ ಅಗಲವಾದ ಪಾಲಿಕಾರ್ಬೊನೇಟ್ ಸುರಕ್ಷತಾ ಕನ್ನಡಕ. ಈ ಎರಡನೆಯದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಹಿಮದ ಸಾಮಾನು ಮಾರುವ ಅಂಗಡಿಗಳಲ್ಲಿ ಇದು ಇರುವುದೇ ಇಲ್ಲ. ಸುರಕ್ಷತಾ ಸಾಮಗ್ರಿಯ ಅಂಗಡಿಯಲ್ಲಿ ಗಾಗಲ್‌ನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ. ಇದರ ಗುರುತುಗಳು ಬೇರೆ. ಯುರೋಪಿನ ಮಾದರಿಯಲ್ಲಿ ಬಹುಕಾಲ ಮುಖ್ಯ ಮಾನದಂಡವಾಗಿದ್ದದ್ದು ಇಎನ್ 166, ಬಿಸಿಲಿನ ಲೆನ್ಸುಗಳಿಗೆ ಇಎನ್ 172. ಲೆನ್ಸಿನ ಮೂಲೆಯಲ್ಲಿ 5-3.1 ಎಂದಿದ್ದರೆ ಅದು ಬಿಡುವ ಬೆಳಕು ಸುಮಾರು ಶೇಕಡಾ 8ರಿಂದ 18, ಅಂದರೆ ತಂಪು ಕನ್ನಡಕದ ಮೂರನೆಯ ವರ್ಗಕ್ಕೆ ಸಮ. 5-2.5 ಎಂದಿದ್ದರೆ ಶೇಕಡಾ 18ರಿಂದ 29ರಷ್ಟು, ಇದು ಬಿಸಿಲಿನ ಹಿಮಕ್ಕೆ ಸಾಲದು. ನೋಡಲು ಇವೆರಡೂ ಒಂದೇ ಹೊಗೆಬಣ್ಣದಲ್ಲಿರುತ್ತವೆ, ಅಂಗಡಿಯವರೂ ಬೆರೆಸಿಟ್ಟಿರುತ್ತಾರೆ. ಅಮೆರಿಕದ ಮಾದರಿಯಾದರೆ ಜೆಡ್ 87 ಎಂಬ ಗುರುತಿನ ಪಕ್ಕದಲ್ಲಿ ಯು 6 ಎಂದಿದೆಯೇ ನೋಡಿ. ಯು ಅಕ್ಷರದ ಮುಂದಿನ ಅಂಕಿ ನೇರಳಾತೀತ ತಡೆಯ ಮಟ್ಟ, 6 ಅದರ ಗರಿಷ್ಠ.

ಇಷ್ಟಾದ ಮೇಲೆ ಮುಖ್ಯ ಬಳಕೆಗೆ ಗಾಗಲ್, ಬದಲಿ ಜೋಡಿಯಾಗಿ 5-3.1 ಗುರುತಿನ ಸುರಕ್ಷತಾ ಕನ್ನಡಕ ಎಂದು ತೀರ್ಮಾನಿಸಿದೆ. ಸುರಕ್ಷತಾ ಕನ್ನಡಕ ಕೂಡಲೇ ಸಿಕ್ಕಿತು. ಗಾಗಲ್ ಮಾತ್ರ ನನ್ನನ್ನು ಬಹಳ ಕಾಯಿಸಿತು. ಹತ್ತಿರದಲ್ಲಿ ಸಿಗದೆ ಆನ್‌ಲೈನಿನಲ್ಲಿ ತರಿಸಿದ ಗಾಗಲ್ ಕನ್ನಡಕಧಾರಿಗಳಿಗೆ ಎಂಬ ವಿವರಣೆ ಹೊತ್ತೇ ಬಂದಿತಾದರೂ ಅದರ ಕಚ್ಚು ತೀರ ಕಿರಿದಾಗಿತ್ತು. ಧರಿಸಿ ಸ್ವಲ್ಪ ಹೊತ್ತಾದರೆ ಕಡ್ಡಿಗಳು ಕಣತಲೆಗೆ ಒತ್ತಿ ತಲೆನೋವು ತರುತ್ತಿತ್ತು. ಹಿಂದಿರುಗಿಸಲು ಕೋರಿದಾಗ ಮೊದಲು ಲೆನ್ಸಿನ ಮೇಲಿನ ತೆಳು ಹಾಳೆ ತೆಗೆದಿದ್ದೀರಿ ಎಂಬ ಆಕ್ಷೇಪ ಬಂತು, ಆಮೇಲೆ ಪೆಟ್ಟಿಗೆಯ ಆರೂ ಬದಿಗಳ ಚಿತ್ರ ಕೇಳಿದರು, ಆಮೇಲೆ ರಸೀದಿಯ ಪ್ರತಿ. ಹೊರಡುವ ದಿನ ಹತ್ತಿರವಾಗುತ್ತಿದ್ದಾಗ ಇಂಥ ಸಣ್ಣ ಪತ್ರವ್ಯವಹಾರ ಉಂಟುಮಾಡುವ ಚಡಪಡಿಕೆಯನ್ನು ಅನುಭವಿಸಿದವರೇ ಬಲ್ಲರು. ಲೆನ್ಸಿನ ಮೇಲಿನ ಹಾಳೆಯನ್ನು ತೆಗೆಯದೆಯೇ ಅಳತೆ ನೋಡಿ, ಪೆಟ್ಟಿಗೆ ತೆರೆಯುವುದನ್ನು ವಿಡಿಯೊ ಮಾಡಿ, ಫೋಮಿಗೆ ಮುಖದ ಕ್ರೀಮು ತಾಗದಂತೆ ಎಚ್ಚರ ವಹಿಸಿ.

ಕೊನೆಗೆ ಗಾಗಲ್ ಸಿಕ್ಕಿದ್ದು ಕಳೆದ ಋತುವಿನ ಉಳಿಕೆ ಮಾಲನ್ನು ಇಟ್ಟಿದ್ದ ಅಂಗಡಿಯಲ್ಲಿ, ಹೊಸ ಮಾದರಿಯ ಅರ್ಧಕ್ಕೂ ಕಡಿಮೆ ಬೆಲೆಗೆ. ಬಣ್ಣ ಹಳತಾದ ಮಾತ್ರಕ್ಕೆ ರಕ್ಷಣೆ ಹಳತಾಗುವುದಿಲ್ಲ. ನಾನು ನೋಡಿಕೊಂಡದ್ದು ಇವು: ಎರಡು ಪದರದ ಲೆನ್ಸ್ ಇದೆಯೇ, ಫೋಮು ಪುಡಿಯಾಗದೆ ಮೆತ್ತಗಿದೆಯೇ, ಮೇಲೂ ಕೆಳಗೂ ಗಾಳಿಗಿಂಡಿಗಳಿವೆಯೇ, ಪಟ್ಟಿ ಟೋಪಿಯ ಮೇಲೆ ಬರುವಷ್ಟು ಉದ್ದವಿದೆಯೇ. ಅಯಸ್ಕಾಂತದಿಂದ ಲೆನ್ಸ್ ಬದಲಿಸುವ ಸೌಕರ್ಯ, ಕನ್ನಡಿಯಂಥ ಹೊಳಪು, ಪೋಲರೈಸ್ಡ್ ಲೆನ್ಸ್ ಇವು ಬೆಲೆಯನ್ನು ಏರಿಸುವ ಸಂಗತಿಗಳು. ಪೋಲರೈಸ್ಡ್ ಲೆನ್ಸ್ ಕಣ್ಣು ಕೋರೈಸುವುದನ್ನು ತಗ್ಗಿಸುತ್ತದೆ ನಿಜ. ಆದರೆ ಗಟ್ಟಿ ಮಂಜುಗಡ್ಡೆಯ ತೇಪೆಯನ್ನು ದೂರದಿಂದಲೇ ತಿಳಿಸುವ ಹೊಳಪನ್ನೂ ಅದು ನುಂಗಬಹುದು, ಕೆಲವು ಕೋನಗಳಲ್ಲಿ ಫೋನಿನ ಪರದೆ ಕಪ್ಪಾಗುತ್ತದೆ. ಕಡಿಮೆ ಖರ್ಚಿನಲ್ಲಿ ಮುಗಿಸಬೇಕಾದವರು ಇದನ್ನು ಮೊದಲು ಬಿಡಬಹುದು ಎಂಬುದು ನನ್ನ ಅಭಿಪ್ರಾಯ.

ನಿತ್ಯದ ಕನ್ನಡಕವನ್ನೂ ಟೋಪಿಯನ್ನೂ ಧರಿಸಿಯೇ ಅಳತೆ ನೋಡಬೇಕು. ಮೂಗಿನ ಸೇತುವೆ ಎತ್ತರವಿಲ್ಲದವರಿಗೆ ಅನೇಕ ಗಾಗಲ್‌ಗಳು ಮೂಗಿನ ಎರಡೂ ಬದಿಯಲ್ಲಿ ಸಂದು ಬಿಡುತ್ತವೆ. ನೆಲದ ಬೆಳಕು ಏಳುವುದು ಕೆಳಗಿನಿಂದಲೇ ಆದ್ದರಿಂದ ಆ ಸಂದು ಸಣ್ಣ ದೋಷವಲ್ಲ. ಕೆಲವು ತಯಾರಕರು ಇಂಥ ಮೂಗಿಗೆ ಹೊಂದುವ ಬೇರೆ ಅಳತೆಯನ್ನೇ ಮಾಡುತ್ತಾರೆ, ಕೇಳಿ ನೋಡಿ. ನಾನು ಗಾಗಲ್ ಧರಿಸಿ ದೀಪದ ಕೆಳಗೆ ನಿಂತು, ಸಣ್ಣ ಕನ್ನಡಿಯನ್ನು ಎದೆಯ ಮಟ್ಟದಲ್ಲಿ ಹಿಡಿದು ಬೆಳಕನ್ನು ಮುಖಕ್ಕೆ ತಿರುಗಿಸಿ, ಎಲ್ಲಿ ನುಸುಳುತ್ತದೆ ಎಂದು ಗಮನಿಸಿದೆ. ಆಮೇಲೆ ಮೆಟ್ಟಿಲು ಹತ್ತಿ ಇಳಿದು, ತಲೆ ಕೊಡವಿ, ಬಾಗಿ ಬೂಟಿನ ಲೇಸು ಕಟ್ಟಿ, ಒಂದು ಗಂಟೆ ಧರಿಸಿಯೇ ಇದ್ದೆ. ಮನೆಯವರ ನಗುವಿಗೆ ಗುರಿಯಾದದ್ದನ್ನು ಬಿಟ್ಟರೆ ಈ ಪರೀಕ್ಷೆಗೆ ಖರ್ಚೇನೂ ಆಗಲಿಲ್ಲ.

ಹಿಮಕ್ಕೆ ಕಾಲಿಟ್ಟ ಮೇಲೆ ಎದುರಾದ ನಿಜವಾದ ಶತ್ರು ಆವಿ. ಬಿಸಿ ಉಸಿರಿನ ತೇವ ತಣ್ಣಗಿನ ಲೆನ್ಸಿಗೆ ತಾಗಿ ಹನಿಯಾಗುತ್ತದೆ, ಚಳಿ ಹೆಚ್ಚಿದ್ದರೆ ಅದೇ ಹನಿ ಹೆಪ್ಪುಗಟ್ಟುತ್ತದೆ. ಎರಡು ಪದರದ ಲೆನ್ಸಿನಲ್ಲಿ ನಡುವೆ ಸಿಕ್ಕಿದ ಗಾಳಿಯು ಒಳಪದರವನ್ನು ಅಷ್ಟು ತಣ್ಣಗಾಗಲು ಬಿಡುವುದಿಲ್ಲ. ಹೀಗಾಗಿ ನನ್ನ ಗಾಗಲ್ ಬಹುತೇಕ ತಿಳಿಯಾಗಿಯೇ ಇತ್ತು, ಒಳಗಿದ್ದ ಕನ್ನಡಕ ಮಾತ್ರ ಏರುದಾರಿಯಲ್ಲಿ ಬೆಳ್ಳಗಾಗುತ್ತಿತ್ತು. ಕನ್ನಡಕಧಾರಿಗಳು ಆವಿ ತಡೆಯುವ ದ್ರವವನ್ನು ಗಾಗಲ್‌ಗಿಂತ ಮೊದಲು ತಮ್ಮ ಕನ್ನಡಕಕ್ಕೆ ಹಚ್ಚಿಕೊಳ್ಳಬೇಕು. ತರಬೇತುದಾರರು ತೋರಿಸಿಕೊಟ್ಟ ಕ್ರಮವೂ ಬಹಳ ಉಪಯೋಗಕ್ಕೆ ಬಂತು: ಕುತ್ತಿಗೆಯ ಬಟ್ಟೆಯನ್ನು ಮೂಗಿನ ಕೆಳಗೇ ನಿಲ್ಲಿಸುವುದು, ಏಕೆಂದರೆ ಮೂಗನ್ನು ಮುಚ್ಚಿದರೆ ಉಸಿರು ನೇರವಾಗಿ ಗಾಗಲ್ ಒಳಕ್ಕೆ ಏರುತ್ತದೆ, ಟೋಪಿಯಿಂದ ಮೇಲಿನ ಗಿಂಡಿಗಳನ್ನು ಮುಚ್ಚದಿರುವುದು, ವಿಶ್ರಾಂತಿಗೆ ನಿಂತಾಗ ಗಾಗಲ್ ಅನ್ನು ಹಣೆಯ ಮೇಲೆ ಏರಿಸದಿರುವುದು, ಏಕೆಂದರೆ ಬೆವರುವ ಹಣೆಯ ಉಗಿ ಎಲ್ಲವೂ ಒಳಪದರಕ್ಕೇ ಹೋಗುತ್ತದೆ. ಗಾಳಿಯಿಲ್ಲದ ಕಡಿದಾದ ಏರಿನಲ್ಲಿ ನಾನು ಗಾಗಲ್ ತೆಗೆದು ಸುರಕ್ಷತಾ ಕನ್ನಡಕಕ್ಕೆ ಬದಲಾಯಿಸುತ್ತಿದ್ದೆ. ಅದರ ಸುತ್ತ ಗಾಳಿ ಆಡುವುದರಿಂದ ಆವಿ ಬೇಗ ಆರುತ್ತಿತ್ತು. ಬದಲಿಯಾಗಿ ಒಯ್ದದ್ದನ್ನೇ ಹೆಚ್ಚು ಹೊತ್ತು ಧರಿಸಿದೆ ಎಂದರೂ ತಪ್ಪಾಗದು.

ಮೋಡ ಕವಿದ ದಿನದ ಕಥೆ ಬೇರೆ. ನೆಲ, ಆಕಾಶ ಒಂದೇ ಬಿಳಿಯಾಗಿ, ಮೂರನೆಯ ವರ್ಗದ ಬೂದು ಲೆನ್ಸಿನಲ್ಲಿ ಹೆಜ್ಜೆಗುಂಡಿಗಳ ಆಳವೇ ಕಾಣಿಸುತ್ತಿರಲಿಲ್ಲ. ಇಂಥ ಬೆಳಕಿಗೆ ಹಳದಿ ಅಥವಾ ಕಿತ್ತಳೆ ಛಾಯೆಯ, ಒಂದನೆಯ ವರ್ಗದ ಲೆನ್ಸ್ ಏರುತಗ್ಗುಗಳನ್ನು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ತರಬೇತುದಾರರು ಧರಿಸಿದ್ದು ಅದನ್ನೇ. ತೆಳು ಮೋಡದ ಮೂಲಕ ಶೇಕಡಾ 90ಕ್ಕೂ ಹೆಚ್ಚು ನೇರಳಾತೀತ ಕಿರಣಗಳು ಇಳಿದುಬರಬಲ್ಲವು ಎಂದು ಅವರು ಬೆಳಿಗ್ಗೆಯೇ ಎಚ್ಚರಿಸಿದ್ದರು. ಆದರೂ ನಮ್ಮ ಗುಂಪಿನ ಒಬ್ಬರು ಏನೂ ಕಾಣುವುದಿಲ್ಲವೆಂದು ಗಾಗಲ್ ತೆಗೆದು ಮಧ್ಯಾಹ್ನವೆಲ್ಲ ನಡೆದರು. ಸಂಜೆ ಅವರು ಚೆನ್ನಾಗಿಯೇ ಇದ್ದರು. ರಾತ್ರಿ ಮಲಗಿದ ಮೇಲೆ ಕಣ್ಣಿಗೆ ಮರಳು ಸುರಿದಂತಾಗುತ್ತಿದೆ ಎಂದು ಎದ್ದು ಕುಳಿತರು. ನೀರು ಸುರಿಯುತ್ತಿತ್ತು, ತಲೆದೀಪದ ಬೆಳಕನ್ನೂ ಸಹಿಸಲಾಗುತ್ತಿರಲಿಲ್ಲ. ಕಣ್ಣು ಉಜ್ಜದಂತೆ ನೋಡಿಕೊಂಡು, ಕತ್ತಲೆಯಲ್ಲಿ ಮಲಗಿಸಿ, ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆಯ ಒದ್ದೆ ಬಟ್ಟೆ ಇಟ್ಟರು. ಮರುದಿನ ಕೆಳಗಿನ ವೈದ್ಯರು ತೇವ ಕೊಡುವ ಹನಿ ಕೊಟ್ಟರೇ ಹೊರತು, ಅವರು ಎಷ್ಟು ಬೇಡಿಕೊಂಡರೂ ಮರಗಟ್ಟಿಸುವ ಹನಿಯನ್ನು ಒಯ್ಯಲು ಕೊಡಲಿಲ್ಲ. ಅದು ಗಾಯ ಮಾಯುವುದನ್ನು ತಡಮಾಡುತ್ತದಂತೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ಇದು ಗುಣವಾಗುತ್ತದೆ. ಅವರಿಗೂ ಹಾಗೆಯೇ ಆಯಿತು, ಆದರೆ ಶಿಖರದ ದಿನ ಅವರು ಬಿಡಾರದಲ್ಲೇ ಉಳಿಯಬೇಕಾಯಿತು.

ಆ ರಾತ್ರಿ ನಿದ್ದೆ ಬಾರದೆ ಕುಳಿತಿದ್ದಾಗ ತರಬೇತುದಾರರು ಆರ್ಕ್ಟಿಕ್ ಪ್ರದೇಶದ ಇನ್ಯೂಟ್ ಜನರ ಹಿಮಗನ್ನಡಕಗಳ ವಿಷಯ ತೆಗೆದರು. ಮೂಳೆ, ದಂತ ಅಥವಾ ಮರದ ತುಂಡನ್ನು ಮುಖಕ್ಕೆ ಹೊಂದುವಂತೆ ಕೆತ್ತಿ, ನೋಡಲು ಕಿರಿದಾದ ಅಡ್ಡ ಸೀಳನ್ನು ಮಾತ್ರ ಬಿಡುತ್ತಿದ್ದರು. ಗಾಜೇ ಇಲ್ಲದ್ದರಿಂದ ಆವಿ ಹಿಡಿಯುವ ಪ್ರಶ್ನೆಯೇ ಇಲ್ಲ. ಗಾಗಲ್ ಕಳೆದುಹೋದರೆ ರಟ್ಟಿನಲ್ಲಿ ಅಂಥದೇ ಸೀಳು ಕೊರೆದು, ಹಗ್ಗದಿಂದ ಕಟ್ಟಿಕೊಂಡು ಕೆಳಗಿಳಿಯಬಹುದು ಎಂದು ಹೇಳಿ ನಮ್ಮೆಲ್ಲರಿಂದ ಒಂದೊಂದು ಮಾಡಿಸಿದರು. ನೋಟದ ಹರವು ಬಹಳ ಕುಗ್ಗುತ್ತದೆ, ಕಾಲ ಕೆಳಗಿನ ನೆಲ ಕಾಣುವುದಿಲ್ಲ; ಆದರೂ ಬರಿಗಣ್ಣಿಗಿಂತ ಅದು ಎಷ್ಟೋ ಮೇಲು.

ಹಿಮವಿಲ್ಲದ ಚಳಿಯಲ್ಲಿ ಓಡುವವರು, ಸೈಕಲ್ ತುಳಿಯುವವರು ಈ ಬರಹ ಓದುತ್ತಿದ್ದರೆ, ಅವರಿಗೆ ಗಾಗಲ್ ಅಗತ್ಯವಿಲ್ಲ. ಕಣ್ಣೀರು ಸುರಿಸುವ ಎದುರುಗಾಳಿಗೆ ಸುತ್ತಿಕೊಳ್ಳುವ ಆಕಾರದ, ಬಣ್ಣವಿಲ್ಲದ ಅಥವಾ ತೆಳು ಹಳದಿಯ ಸುರಕ್ಷತಾ ಕನ್ನಡಕ ಸಾಕು. ಬೆಳಗಿನ ಕತ್ತಲಲ್ಲಿ ಕಪ್ಪು ಲೆನ್ಸ್ ಧರಿಸುವುದೇ ಅಪಾಯ. ಮಕ್ಕಳನ್ನು ಹಿಮಕ್ಕೆ ಕರೆದೊಯ್ಯುವವರು ಆಟಿಕೆಯ ಕಪ್ಪು ಕನ್ನಡಕವನ್ನು ನೆಚ್ಚಬಾರದು. ಎಳೆಯ ಕಣ್ಣಿನ ಒಳಗಿನ ಮಸೂರವು ದೊಡ್ಡವರದಕ್ಕಿಂತ ಹೆಚ್ಚು ನೇರಳಾತೀತ ಕಿರಣವನ್ನು ಹಿಂಬದಿಗೆ ಬಿಡುತ್ತದೆ. ಆದ್ದರಿಂದ ಮೇಲೆ ಹೇಳಿದ ಗುರುತುಗಳು ಅವರ ಅಳತೆಯ ಗಾಗಲ್‌ನಲ್ಲೂ ಇರಬೇಕು.

ಮರಳಿದ ಮೇಲೆ ಲೆಕ್ಕ ಹಾಕಿ ನೋಡಿದೆ. ಗಾಗಲ್, ಸುರಕ್ಷತಾ ಕನ್ನಡಕ, ಆವಿ ತಡೆಯುವ ದ್ರವ, ಕಣ್ಣಿನ ಪರೀಕ್ಷೆ ಎಲ್ಲ ಸೇರಿದರೂ ಪವರ್ ಕೂರಿಸಿದ ಪರ್ವತಾರೋಹಣದ ಕನ್ನಡಕಕ್ಕೆ ಹೇಳಿದ್ದ ಬೆಲೆಯ ಕಾಲು ಭಾಗವನ್ನು ಮುಟ್ಟಿರಲಿಲ್ಲ. ಇದರಲ್ಲಿ ಪರೀಕ್ಷೆಯದೇ ದೊಡ್ಡ ಪಾಲು. ಆನ್‌ಲೈನ್ ಗಾಗಲ್‌ನ ಹಣ, ಸಾಗಣೆಯ ವೆಚ್ಚವನ್ನು ಮುರಿದುಕೊಂಡು, ನಾನು ಚಾರಣ ಮುಗಿಸಿ ಬಂದ ಮೇಲೆ ಖಾತೆಗೆ ಜಮೆಯಾಯಿತು. ಗಾಗಲ್‌ನ ಒಳಪದರದ ಲೇಪವು ಒದ್ದೆಯಾಗಿದ್ದಾಗ ಬಹಳ ಮೃದುವಾಗಿರುವುದರಿಂದ ಅದನ್ನು ಒರೆಸದೆ, ನೀರನ್ನು ಕೊಡವಿ, ನೆರಳಿನಲ್ಲಿ ಒಣಗಿಸಿ ಚೀಲಕ್ಕೆ ಹಾಕಿದೆ. ಸುರಕ್ಷತಾ ಕನ್ನಡಕದ ಮೇಲೆ ಒಂದೆರಡು ಗೀರುಗಳಾಗಿವೆ. ತಡೆ ಪಾಲಿಕಾರ್ಬೊನೇಟಿನ ಒಡಲಲ್ಲೇ ಇರುವುದರಿಂದ ಅವು ರಕ್ಷಣೆಯನ್ನು ಕೆಡಿಸುವುದಿಲ್ಲ, ಎದುರು ಬಿಸಿಲಿನಲ್ಲಿ ಬೆಳಕನ್ನು ಚೆದುರಿಸುತ್ತವೆ ಅಷ್ಟೆ. ಆದ್ದರಿಂದ ಮುಂದಿನ ಚಳಿಗಾಲಕ್ಕೆ ಅದೇ ಗುರುತಿನ ಹೊಸದೊಂದನ್ನೂ, ಮೋಡದ ದಿನಕ್ಕೆಂದು ಅದೇ ಬಗೆಯ ಹಳದಿ ಲೆನ್ಸಿನದೊಂದನ್ನೂ ತರಿಸಲು ಹೇಳಿದ್ದೇನೆ.